ಎಲ್ಲರಿಗೂ ಒಪ್ಪಿಗೆ ಇಲ್ಲ ಎಂದರೆ

ಅವರ ಕಸುಬು ಹಲ್ಲು ಕಟ್ಟುವುದು. ದಂತವೈದ್ಯರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಅದರಲ್ಲಿ ಪ್ಲಾಸ್ಟರ್ ಹೊಯ್ದು ದವಡೆಯ ಅಚ್ಚು ಮಾಡಿಕೊಂಡು, ಅಚ್ಚಿನ ಮೇಲೆ ಮೇಣದ ವಸಡು ಕೂರಿಸಿ, ಮೇಣದಲ್ಲಿ ಹಲ್ಲು ಜೋಡಿಸಿ, ಆಮೇಲೆ ಮೇಣ ಕರಗಿಸಿ ಆ ಜಾಗಕ್ಕೆ ಗುಲಾಬಿ ಬಣ್ಣದ ಹಿಟ್ಟು ತುಂಬಿ ಬಿಸಿನೀರಿನಲ್ಲಿ ಬೇಯಿಸಿದರೆ ಒಂದು ಸೆಟ್ ಹಲ್ಲು ಸಿದ್ಧ. ಬೇಯುವುದಕ್ಕೆ ಬಹಳ ಹೊತ್ತು ಬೇಕು. ಅವಸರ ಮಾಡಿದರೆ ವಸಡಿನ ಒಳಗೆ ಗುಳ್ಳೆ ಏಳುತ್ತದೆ. ಈ ಕಾಯುವ ಹೊತ್ತೇ ತಮ್ಮ ಯಜಮಾನರನ್ನು ಕೆಡಿಸಿತು ಎಂದು ಅವರ ಹೆಂಡತಿ ಹೇಳುತ್ತಾರೆ. ಬೇರೆಯವರಾಗಿದ್ದರೆ ಆ ಹೊತ್ತಿನಲ್ಲಿ ರೇಡಿಯೋ ಕೇಳುತ್ತಿದ್ದರು, ಪಕ್ಕದ ಅಂಗಡಿಯವನ ಜೊತೆ ಹರಟೆ ಹೊಡೆಯುತ್ತಿದ್ದರು. ಇವರು ತರ್ಕಶಾಸ್ತ್ರ ಹಿಡಿದು ಕೂತರು.

ಹುಚ್ಚು ಹಿಡಿಸಿದವರು ಒಬ್ಬ ನಿವೃತ್ತ ಮೇಷ್ಟ್ರು. ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡುತ್ತಿದ್ದವರು. ಅವರ ಕೆಳಸಾಲಿನ ಸೆಟ್ಟು ಸಡಿಲವಾಗಿ ಮತ್ತೆ ಮತ್ತೆ ರಿಪೇರಿಗೆ ಬರುತ್ತಿತ್ತು. ಹಲ್ಲು ಬೇಯುವ ತನಕ ಮೇಷ್ಟ್ರು ಅಲ್ಲೇ ಸ್ಟೂಲಿನ ಮೇಲೆ ಕೂತು, ಬೊಚ್ಚುಬಾಯಲ್ಲೇ, ಒಂದು ಮಾತಿನಿಂದ ಇನ್ನೊಂದು ಮಾತು ಹೇಗೆ ಹುಟ್ಟುತ್ತದೆ, ಯಾವಾಗ ಹುಟ್ಟುವುದಿಲ್ಲ ಎಂದು ವಿವರಿಸುತ್ತಿದ್ದರು. ಹಲ್ಲಿಲ್ಲದ ಬಾಯಲ್ಲಿ 'ಸತ್ಯ' ಎಂಬುದು 'ಹತ್ಯ' ಎಂದು ಕೇಳುತ್ತಿತ್ತು. "ನಾನು ಕಲಿತ ತರ್ಕದಲ್ಲಿ ಸಕಾರವೇ ಇಲ್ಲ. ಉಳಿದ ಕೊರತೆಗಳನ್ನು ನಾನೇ ಸೇರಿಸಿಕೊಂಡೆ" ಎಂದು ಇವರು ತಮ್ಮನ್ನು ತಾವೇ ಆಡಿಕೊಳ್ಳುತ್ತಿದ್ದರು.

ಬೀದಿಯಲ್ಲಿ ಇವರಿಗೆ 'ಅಂದ್ರೆ ಮಾಮ' ಎಂದು ಹೆಸರು ಬಿದ್ದಿತ್ತು. ಯಾರು ಏನೇ ಹೇಳಲಿ, ಅವರ ಬಾಯಿಂದ ಮೊದಲು ಬರುತ್ತಿದ್ದದ್ದು "ಅಂದ್ರೆ?" ಎಂಬ ಮಾತು. "ಚೆನ್ನಾಗಿದೀರಾ?" ಎಂದರೆ "ಚೆನ್ನಾಗಿ ಅಂದ್ರೆ?" ತರಕಾರಿಯವಳು "ಇವತ್ತಿನ ಮಾಲು ಮಾಮ, ತಾಜಾ" ಎಂದರೆ "ತಾಜಾ ಅಂದ್ರೆ? ಇವತ್ತು ಕಿತ್ತಿದ್ದೋ, ಇವತ್ತು ಬಂದಿದ್ದೋ?" ಅವಳು ತಕ್ಕಡಿ ಎತ್ತಿ ಹಿಡಿದು, "ಕೊಳ್ಳೋರಿಗೆ ಜಾಗ ಬಿಡಿ ಮಾಮ" ಎನ್ನುತ್ತಿದ್ದಳು. ಮಾಮನಿಗೆ ಸಿಟ್ಟು ಬರುತ್ತಿರಲಿಲ್ಲ. ತಮ್ಮ ಯೋಗ್ಯತೆ ಅವರಿಗೆ ಗೊತ್ತಿತ್ತು. "ತತ್ವಶಾಸ್ತ್ರದ ಬಾಯಲ್ಲಿ ನಾನೊಂದು ಕಟ್ಟಿಸಿದ ಹಲ್ಲು. ದೂರದಿಂದ ನೋಡಿದರೆ ಸಾಲಿನಲ್ಲೇ ಕೂತ ಹಾಗೆ ಕಾಣುತ್ತೇನೆ. ಗಟ್ಟಿ ಪದಾರ್ಥ ಕಚ್ಚಿದರೆ ಕೈಗೆ ಬರುತ್ತೇನೆ."

ಹೆಂಡತಿ ಮೇಜು ಒರೆಸುವಾಗ ಅವರ ಹಾಳೆಗಳನ್ನು ನೋಡಿ ಒಂದು ಸಲ ಕೇಳಿದ್ದರು, "ಏನ್ರೀ ಇದು, ಇಂಗ್ಲಿಷ್ ಅಕ್ಷರ ಎಲ್ಲ ತಲೆಕೆಳಗಾಗಿ ಬರೆದಿದೀರಿ?"

"ಅದು ಚಿಹ್ನೆ. ತಲೆಕೆಳಗಾಗಿದ್ದರೆ 'ಎಲ್ಲ' ಅಂತ. ಹಿಂದುಮುಂದಾಗಿದ್ದರೆ 'ಕೆಲವು' ಅಂತ."

"ನೆಟ್ಟಗಿದ್ದರೆ?"

"ನೆಟ್ಟಗಿದ್ದರೆ ಏನೂ ಇಲ್ಲ, ಬರೀ ಅಕ್ಷರ."

"ಹಂಗಾದ್ರೆ ನಾನು ಅಷ್ಟಕ್ಕೇ ಇರ್ತೀನಿ ಬಿಡಿ" ಎಂದು ಅವರು ಬಟ್ಟೆ ಹಿಂಡಿದರು.

ಹೀಗೆ ಕೈಯಲ್ಲಿ ಪದವಿಯಿಲ್ಲದೆ, ಬೆನ್ನಿಗೆ ಕಾಲೇಜಿಲ್ಲದೆ, ಹಲ್ಲು ಬೇಯುವ ಹೊತ್ತಿನಲ್ಲಿ ಮಾಮ ಒಂದು ವಿಷಯ ಹಿಡಿದು ವರ್ಷಗಟ್ಟಲೆ ಅಗೆದಿದ್ದರು. ವಿಷಯ ಬೇರೇನಲ್ಲ, ನಮ್ಮ ಮಾತಿಗೆ ಅಂಟುವ ಎರಡು ಬಾಲಗಳು. 'ಅಣ್ಣನೂ ತಮ್ಮನೂ' ಎಂದರೆ ಇಬ್ಬರೂ ಬೇಕು. 'ಅಣ್ಣನೋ ತಮ್ಮನೋ' ಎಂದರೆ ಒಬ್ಬ ಸಾಕು. ಅದೇ ಊಕಾರದ ಬಾಲ ಹೋಗಿ 'ಎಲ್ಲರೂ' ಎಂಬಲ್ಲಿ ಕೂರುತ್ತದೆ. ಅದೇ ಓಕಾರದ ಬಾಲ 'ಯಾರೋ' ಎಂಬಲ್ಲಿ ಕೂರುತ್ತದೆ. ತರ್ಕಶಾಸ್ತ್ರದವರು ತಲೆ ಕೆರೆದುಕೊಂಡು ಕಂಡುಹಿಡಿದ ನಂಟನ್ನು ನಮ್ಮ ಅಜ್ಜಿಯರು ಬಾಲದಲ್ಲೇ ಇಟ್ಟಿದ್ದಾರಲ್ಲ ಎಂದು ಮಾಮನಿಗೆ ಮೈ ಜುಮ್ಮೆಂದಿತ್ತು. ಇಲ್ಲಿಯ ತನಕ ಮೇಷ್ಟ್ರೂ ತಲೆದೂಗಿದ್ದರು.

ಆದರೆ ಮಾಮ ಅಲ್ಲಿಗೆ ನಿಲ್ಲಲಿಲ್ಲ. 'ಎಲ್ಲರೂ ಬರಲಿಲ್ಲ' ಎಂದರೆ ಏನು? ಕೆಲವರು ಬಂದರು, ಕೆಲವರು ಬರಲಿಲ್ಲ ಎಂದೇ ಅದಕ್ಕೆ ಅರ್ಥ, ಬೇರೆ ಅರ್ಥವೇ ಇಲ್ಲ ಎಂದು ಅವರು ಸಾಧಿಸಿದರು. ಒಬ್ಬರೂ ಬರಲಿಲ್ಲ ಎನ್ನುವುದಕ್ಕೆ 'ಯಾರೂ ಬರಲಿಲ್ಲ' ಎಂಬ ಮಾತು ಬೇರೆಯೇ ಇದೆ. ಒಂದು ಕೆಲಸಕ್ಕೆ ಭಾಷೆ ಇಬ್ಬರು ಆಳುಗಳನ್ನು ಏಕೆ ಇಟ್ಟುಕೊಳ್ಳುತ್ತದೆ?

ಮೇಷ್ಟ್ರು ದವಡೆ ಸವರಿಕೊಂಡು, "ಜನ ಹಾಗೇ ಮಾತಾಡ್ತಾರಾ ಅಂತ ಕೇಳಿ ನೋಡಿದೀಯೇನಪ್ಪ?" ಎಂದಿದ್ದರು.

"ಜನ ಹೇಗಾದರೂ ಮಾತಾಡ್ತಾರೆ ಸರ್. ಅರ್ಥ ಅನ್ನೋದು ಒಂದೇ ಇರಬೇಕಲ್ಲ."

ಒಂದು ಕಾಲೇಜಿನ ತತ್ವಶಾಸ್ತ್ರ ವಿಭಾಗದವರು ತರುತ್ತಿದ್ದ ಸಣ್ಣ ಪತ್ರಿಕೆ, ಇದೇ ವಾದದ ಮೇಲೆ ಮಾಮ ಬರೆದ ಲೇಖನವನ್ನು ಒಪ್ಪಿಕೊಂಡಿತು. ಅದಕ್ಕೆ ಮುಂಚೆ ಕಳಿಸಿದ್ದೆಲ್ಲ ಗೋಡೆಗೆ ಎಸೆದ ಚೆಂಡಿನ ಹಾಗೆ ಹಿಂದಕ್ಕೆ ಬಂದಿತ್ತು. ಮಾಮ ಆ ದಿನ ಒಂದು ಮೇಲ್ಸಾಲಿಗೆ ಎರಡು ಕೋರೆಹಲ್ಲು ಒಂದೇ ಕಡೆ ಕೂರಿಸಿಬಿಟ್ಟು, ಆಮೇಲೆ ನೋಡಿಕೊಂಡು ಕಿತ್ತರು.

ಆ ಹೊತ್ತಿಗೆ ಮನೆಯಲ್ಲಿ ತಂಗಿಯ ಮಗಳ ಮದುವೆಯ ಮಾತು ನಡೆದಿತ್ತು. ತಂಗಿಯೂ ಮಗಳೂ ಮಹಡಿಯ ಮೇಲಿನ ಎರಡು ಕೋಣೆಯಲ್ಲಿದ್ದರು. ತಂಗಿಯ ಗಂಡ ತೀರಿಹೋದ ಮೇಲೆ ಹುಡುಗಿಗೆ ತಂದೆಯ ಸ್ಥಾನದಲ್ಲಿ ಇದ್ದವರು ಮಾಮನೇ. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಸೂಜಿ ಚುಚ್ಚಿ ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದಳು. ಮೆಚ್ಚಿಕೊಂಡ ಹುಡುಗ ಈಜು ಕಲಿಸುವವನು. ಒಳ್ಳೆಯ ಹುಡುಗ, ಕಡಿಮೆ ಮಾತು. ಅವನಿಗೆ ತಾಯಿ ಒಬ್ಬರೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಅವರು ಬಂದು ಹುಡುಗಿಯನ್ನು ನೋಡಿ, ಮನಸಾರೆ ಮೆಚ್ಚಿ, "ನಿಮ್ಮ ಮನೇಲಿ ಎಲ್ಲರೂ ಕೂತು ಮಾತಾಡಿ. ನಾನೇ ಫೋನ್ ಮಾಡಿ ಕೇಳ್ತೀನಿ" ಎಂದು ಹೋಗಿದ್ದರು.

ಮನೆಯಲ್ಲಿ ಮಾತಾಡಿದರು. ತಂಗಿಗೆ ಸಂತೋಷ, ಹೆಂಡತಿಗೆ ಸಂತೋಷ, ಮಾಮನಿಗೆ ಸಂತೋಷ. ಮುಂದಿನ ಕೋಣೆಯಲ್ಲಿ ಕಿಟಕಿ ಪಕ್ಕದ ಕುರ್ಚಿ ಬಿಟ್ಟೇಳದ ದೊಡ್ಡಮ್ಮ ಮಾತ್ರ ಮೂಗು ಮುರಿದರು. "ನನಗೆ ಆ ಹುಡುಗ ಇಷ್ಟ ಇಲ್ಲಪ್ಪ. ಮಾತಾಡುವಾಗ ಕಣ್ಣೇ ಮಿಟುಕಿಸಲ್ಲ. ಮೀನು ನೋಡಿದ ಹಾಗಾಗುತ್ತೆ."

"ನೀರೊಳಗೆ ಕಣ್ಣು ಬಿಟ್ಟು ಅಭ್ಯಾಸ ದೊಡ್ಡಮ್ಮ" ಎಂದು ತಂಗಿ ನಕ್ಕಳು. ಎಲ್ಲರೂ ನಕ್ಕರು. ಅಲ್ಲಿಗೆ ಆ ಮಾತು ಮುಗಿಯಿತು ಎಂದು ಎಲ್ಲರೂ ತಿಳಿದರು, ಮಾಮ ಒಬ್ಬರನ್ನು ಬಿಟ್ಟು.

ಎರಡು ದಿನ ಬಿಟ್ಟು ಫೋನು ಬಂದದ್ದು ಮಾಮನ ಕೆಲಸದ ಕೋಣೆಗೆ. ಒಲೆಯ ಮೇಲೆ ಹಲ್ಲಿನ ಅಚ್ಚುಗಳು ಬೇಯುತ್ತಿದ್ದವು. ನೀರು ಕುದಿಯ ಹತ್ತಿರ ಬಂದಿತ್ತು, ಉರಿ ತಗ್ಗಿಸಬೇಕಿತ್ತು. ಹುಡುಗನ ತಾಯಿಯ ದನಿ ಗಂಟೆಯ ಹಾಗೆ ಕೇಳಿತು. "ನಮಸ್ಕಾರ. ಮಾತಾಡಿದ್ರಾ? ನಿಮ್ಮ ಮನೇಲಿ ಎಲ್ಲರಿಗೂ ಒಪ್ಪಿಗೆ ತಾನೇ?"

ಹೌದು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಲೋಕದಲ್ಲಿ ಯಾರಾದರೂ ಹಾಗೇ ಹೇಳುತ್ತಿದ್ದರು. ಆದರೆ ಮಾಮನ ಕಣ್ಣಿಗೆ ಕಿಟಕಿ ಪಕ್ಕದ ದೊಡ್ಡಮ್ಮ ಬಂದರು. ಒಂದು ಅಪವಾದ ಇದ್ದರೂ 'ಎಲ್ಲರೂ' ಎಂಬುದು ಸುಳ್ಳು. ಬೀಗರಾಗುವವರ ಹತ್ತಿರ ಮೊದಲ ಮಾತೇ ಸುಳ್ಳೆ? ಅಚ್ಚಿನಲ್ಲಿರುವ ತಮ್ಮ ಲೇಖನವನ್ನು ನೆನೆಸಿಕೊಂಡು, ಎದೆಯುಬ್ಬಿಸಿ, ಒಂದೊಂದೇ ಪದ ಬಿಡಿಸಿ ಹೇಳಿದರು: "ಇಲ್ಲ. ಎಲ್ಲರಿಗೂ ಒಪ್ಪಿಗೆ ಇಲ್ಲ."

ಆ ಕಡೆಯಿಂದ ಆಕೆ "ಹಾಗಾದ್ರೆ ಸರಿ" ಎಂದು ಫೋನು ಇಟ್ಟರು.

'ಹಾಗಾದರೆ' ಎಂದರಲ್ಲ, ಎಷ್ಟು ಚೊಕ್ಕವಾಗಿ ತರ್ಕ ಹಿಡಿದರು ಎಂದು ಮಾಮನಿಗೆ ಮೆಚ್ಚುಗೆಯೇ ಆಯಿತು. ಉರಿ ತಗ್ಗಿಸಿದರು.

ಸಂಜೆ ಮನೆಗೆ ಬಂದಾಗ ತಂಗಿ ಮೆಟ್ಟಿಲ ಮೇಲೆ ಕೂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು. ಹುಡುಗಿ ಕಂಬಕ್ಕೆ ಒರಗಿ ನಿಂತಿದ್ದಳು. ಅವಳ ಕಣ್ಣು ಒಣಗಿತ್ತು. ಅದನ್ನು ನೋಡುವುದೇ ಮಾಮನಿಗೆ ಕಷ್ಟವಾಯಿತು.

"ಮಾಮ, ಅವರ ಅಮ್ಮನಿಗೆ ಏನು ಹೇಳಿದ್ರಿ?"

"ಇದ್ದದ್ದನ್ನ ಹೇಳಿದೆ. ಎಲ್ಲರಿಗೂ ಒಪ್ಪಿಗೆ ಇಲ್ಲ ಅಂದೆ."

"ಅಯ್ಯೋ ಅಣ್ಣಾ" ಎಂದಳು ತಂಗಿ. "ನಮ್ಮಲ್ಲಿ ಒಬ್ಬರಿಗೂ ಬೇಡ ಅಂತ ಹೇಳಿದ ಹಾಗಾಯ್ತಲ್ಲೋ. ನೀನೇ ಬಾಯಿಬಿಟ್ಟು ಬೇಡ ಅಂದೆ ಅಂತ ಅವರು ಹಾಸಿಗೆ ಹಿಡಿದಿದಾರೆ."

"ಅವರು ತಪ್ಪಾಗಿ ಕೇಳಿಸಿಕೊಂಡಿದಾರೆ. 'ಯಾರಿಗೂ' ಅಂತ ನಾನು ಅನ್ನಲೇ ಇಲ್ಲ."

ಹುಡುಗಿ ಶಾಂತವಾಗಿಯೇ ಹೇಳಿದಳು. "ನಾನು ಅವರಿಗೆ ಫೋನ್ ಮಾಡಿದೆ ಮಾಮ. ನಮ್ಮೆಲ್ಲರಿಗೂ ಇಷ್ಟ ಅಂತ ಹೇಳಿದೆ. ಅದಕ್ಕೆ ಅವರು, ಹಿರಿಯರು ಹೇಳಿದ್ದನ್ನ ನನ್ನ ಕಿವಿಯಾರೆ ಕೇಳಿದೀನಮ್ಮ, ನಿನ್ನ ಮನಸ್ಸು ನೋಡಿ ಹಿರಿಯರ ಬಾಯಿ ಮುಚ್ಚಿಸೋಕಾಗಲ್ಲ, ಅಂದರು. ಹೇಳಿದವರೇ ಬಂದು ಸರಿ ಮಾಡಬೇಕಂತೆ. ಇಲ್ಲದಿದ್ದರೆ ಈ ಮಾತು ಇಲ್ಲಿಗೇ ಬಿಡೋಣ ಅಂದರು. ಅವನಿಗೆ ಅಮ್ಮನನ್ನ ನೋಯಿಸಿ ಬರೋಕಾಗಲ್ಲ. ನನಗೂ ಹಾಗೆ ಬರೋನು ಬೇಡ."

ಭಾನುವಾರ ಬೆಳಿಗ್ಗೆ ಮಾಮ ಹೊರಟರು. ಮೂರನೆಯ ಮಹಡಿಯ ಮನೆ. ಚಿಕ್ಕ ಹಜಾರ, ಸ್ಟೂಲಿನ ಮೇಲೆ ಕಸೂತಿ ಬಟ್ಟೆ ಹೊದಿಸಿದ ಹಳೆಯ ಟೆಲಿಫೋನು. ಹುಡುಗ ನೀರು ತಂದುಕೊಟ್ಟು ಗೋಡೆ ಪಕ್ಕ ನಿಂತ. ತಾಯಿ ಎದುರು ಕೂತರು. ನೋವಿನಲ್ಲೂ ಮರ್ಯಾದೆ ಬಿಡದವರು. "ಬಿಸಿಲಲ್ಲಿ ಬಂದಿರಿ, ಫ್ಯಾನ್ ಕೆಳಗೆ ಕೂತ್ಕೊಳ್ಳಿ" ಎಂದರು.

ಇಲ್ಲೂ ಎರಡು ಒಳ್ಳೆಯ ಮಾತು ಸಾಕಾಗಿತ್ತು. ಮಾಮ ಜೇಬಿನಿಂದ ಪೆನ್ಸಿಲ್ ತೆಗೆದರು.

"ನೋಡಿ, ಇದೊಂದು ದುಂಡು ಗೆರೆ ಅಂದ್ಕೊಳ್ಳಿ. ಇದರೊಳಗೆ ನಮ್ಮ ಮನೆಯವರು ಇದಾರೆ..."

"ಆ ಪೇಪರ್ ಮೇಲೆ ಗೀಚಬೇಡಿ, ನಾನಿನ್ನೂ ಓದಿಲ್ಲ."

ಮಾಮ ಗಾಳಿಯಲ್ಲಿ ಗೆರೆ ಎಳೆದರು. ಬಾಲಗಳ ವಿಷಯ ಹೇಳಿದರು. ಅಣ್ಣನೂ ತಮ್ಮನೂ ಬಂದು ಹೋದರು. ಇಬ್ಬರು ಆಳುಗಳೂ ಬಂದರು. ಹುಡುಗ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಕೊನೆಗೆ ಮಾಮ, "ಆದ್ದರಿಂದ ನಾನು ಹೇಳಿದ್ದರಲ್ಲಿ ದೋಷ ಇಲ್ಲ. ನೀವು ಕೇಳಿಸಿಕೊಂಡದ್ದರಲ್ಲಿ..." ಎಂದು, ಅಷ್ಟಕ್ಕೇ ನಿಲ್ಲಿಸಿದರು. ಆದರೆ ಅಷ್ಟರೊಳಗೆ ಆಗಬೇಕಾದ್ದು ಆಗಿತ್ತು.

ಆಕೆ ಕೈಮೇಲೆ ಕೈ ಇಟ್ಟುಕೊಂಡು ಹೇಳಿದರು. "ಆಯಸ್ಸೆಲ್ಲ ಕಿವಿಗೆ ಯಂತ್ರ ಹಾಕ್ಕೊಂಡು ಕೂತೋಳು ನಾನು. ಎಷ್ಟೋ ಮನೆ ಸಾವಿನ ಸುದ್ದಿ, ಹೆರಿಗೆ ಸುದ್ದಿ ಈ ಕಿವಿ ಮೇಲೇ ದಾಟಿ ಹೋಗಿದೆ. ಕೇಳಿಸ್ಕೊಳ್ಳೋದು ತಪ್ಪಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಇವತ್ತು ಹೇಳಿಸ್ಕೊಂಡೆ. ಸಂತೋಷ."

"ನನ್ನ ಮಾತಿನ ಅರ್ಥ ಅದಲ್ಲ..."

"ನಿಮ್ಮ ಮಾತಿಗೆ ಅರ್ಥ ಹುಡುಕೋ ಶಕ್ತಿ ನನಗಿಲ್ಲ. ನೀರು ಕುಡೀರಿ."

ಮೆಟ್ಟಿಲಿಳಿಯುವಾಗ ಮಾಮನಿಗೆ ತಮ್ಮ ಮೇಲೆ ತಮಗೇ ನಗು ಬಂತು. ಹಲ್ಲು ಕಟ್ಟಲು ಹೋಗಿ ದವಡೆ ಮುರಿದು ಬಂದ ಹಾಗಾಗಿತ್ತು. ಹುಡುಗ ಬಾಗಿಲ ತನಕ ಬಂದವನು, "ಮಾಮ, ಇನ್ನೊಂದು ಸಲ ಬರ್ತೀರಾ?" ಎಂದಷ್ಟೇ ಕೇಳಿದ್ದ.

ಮನೆ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು.  ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದರು. ಮುಖ ನೋಡಿಯೇ ಸುದ್ದಿ ತಿಳಿದುಕೊಂಡು, ಏನೂ ಕೇಳದೆ, "ಮನೇಲಿ ಎಲ್ಲರೂ ಊಟ ಮಾಡಿಲ್ಲ" ಎಂದರು.

"ಹೌದಾ? ಯಾರ್ಯಾರದು ಆಗಿದೆ, ಯಾರದು ಬಾಕಿ?" ಎನ್ನುತ್ತ ಮಾಮ ತಟ್ಟೆ ತೆಗೆದುಕೊಂಡು ಪಾತ್ರೆಯ ಮುಚ್ಚಳ ಎತ್ತಿದರು. ಅನ್ನದ ಮೇಲೆ ಸೌಟು ತಾಗಿದ ಗುರುತೇ ಇರಲಿಲ್ಲ. ತೊಳೆದು ಕವುಚಿದ ತಟ್ಟೆಗಳು ಕವುಚಿದ ಹಾಗೇ ಇದ್ದವು.

ಹೆಂಡತಿ ಅವರನ್ನೇ ನೋಡುತ್ತಿದ್ದರು. "ಎಲ್ಲರೂ ಮಾಡಿಲ್ಲ ಅಂದ್ನಲ್ಲ ರೀ. ಇದರಲ್ಲಿ ಯಾರ್ಯಾರು ಅಂತ ಏನಿದೆ?"

ಮಾಮ ಮುಚ್ಚಳ ಹಿಡಿದು ನಿಂತೇ ಇದ್ದರು. ಈ ಮಾತಿನಲ್ಲಿ ತಪ್ಪಿರಲಿಲ್ಲ. ಒಡಕೂ ಇರಲಿಲ್ಲ. ಹುಟ್ಟಿದಾಗಿನಿಂದ ತಮ್ಮ ಕಿವಿಯಲ್ಲಿ ಇಂಥದೇ ಮಾತು ಕೇಳಿ, ಸರಿಯಾಗೇ ತಿಳಿದುಕೊಂಡು, ಅಂಗಿ ತೊಟ್ಟಿದ್ದರು, ಊಟ ಮಾಡಿದ್ದರು, ಅತ್ತಿದ್ದರು. ಹಲ್ಲು ಬೇಯುವ ಕೋಣೆಗೆ ಹೋದಾಗ ಮಾತ್ರ ಆ ಕಿವಿಯನ್ನು ಗೂಟಕ್ಕೆ ನೇತುಹಾಕಿ ಒಳಗೆ ಹೋಗುತ್ತಿದ್ದರು. ಒಂದೇ ವಾಕ್ಯಕ್ಕೆ ಎರಡು ಅರ್ಥ. ಭಾಷೆ ಇಬ್ಬರು ಆಳುಗಳನ್ನೂ ಇಟ್ಟುಕೊಂಡಿತ್ತು, ಇಬ್ಬರಿಗೂ ಒಂದೇ ಅಂಗಿ ತೊಡಿಸಿತ್ತು. ವರ್ಷಗಟ್ಟಲೆ ಕಟ್ಟಿದ ವಾದ ಒಂದು ಅನ್ನದ ಪಾತ್ರೆಯೆದುರು ನೆಲಕಚ್ಚಿತು.

ಸಾಲದ್ದಕ್ಕೆ ಮುಂದಿನ ಕೋಣೆಯಿಂದ ದೊಡ್ಡಮ್ಮನ ದನಿ ಬಂತು. "ಬಂದನೇನೇ ಅವನು? ಇಲ್ಲಿ ಕಳಿಸು."

ಮಾಮ ಹೋಗಿ ನಿಂತರು. ದೊಡ್ಡಮ್ಮನದೂ ಊಟವಾಗಿರಲಿಲ್ಲ, ತುಟಿ ಒಣಗಿತ್ತು.

"ನನ್ನ ಹೆಸರಲ್ಲಿ ಮದುವೆ ಮುರಿದಿಯಂತಲ್ಲೋ."

"ನೀವೇ ತಾನೇ ದೊಡ್ಡಮ್ಮ, ಹುಡುಗ ಇಷ್ಟ ಇಲ್ಲ ಅಂದಿದ್ದು?"

"ಇಷ್ಟ ಇಲ್ಲ ಅಂದೆ. ಒಪ್ಪಿಗೆ ಇಲ್ಲ ಅಂದೆನಾ? ನನಗೆ ನೀನೂ ಅಷ್ಟೇನೂ ಇಷ್ಟ ಇಲ್ಲ, ಹಾಗಂತ ಮನೆ ಬಿಟ್ಟು ಹೋಗು ಅಂದೆನಾ? ಒಪ್ಪಿಗೆ ಇದೆಯಾ ಅಂತ ನನ್ನನ್ನ ಯಾರಾದರೂ ಕೇಳಿದ್ರಾ? ಕೇಳಿದ್ದರೆ ಹೇಳ್ತಿದ್ದೆ. ಮಗು ಕಟ್ಕೊಳ್ಳೋದು, ನಾನಲ್ಲ."

ಮಾಮ ಕುರ್ಚಿಯ ಕೈ ಹಿಡಿದುಕೊಂಡರು. ಅಂದರೆ ತಾವು ಅವತ್ತು ಹೇಳಿದ ಮಾತು ಎರಡು ಅರ್ಥದ್ದಷ್ಟೇ ಆಗಿರಲಿಲ್ಲ. ಆ ಎರಡರಲ್ಲಿ ಯಾವುದನ್ನು ಹಿಡಿದರೂ ಸುಳ್ಳೇ. ಸುಳ್ಳಾಡಬಾರದೆಂದು ಪಣ ತೊಟ್ಟು, ಉರಿಯುವ ಒಲೆ ಮರೆತು, ಒಂದೊಂದೇ ಪದ ಬಿಡಿಸಿ, ಎರಡು ಸುಳ್ಳನ್ನು ಒಂದೇ ಉಸಿರಿನಲ್ಲಿ ಹೇಳಿದ್ದರು. ಇಷ್ಟು ಸಾಧಿಸಲು ಎಂಥ ದಡ್ಡನಿಗೂ ಆಗುವುದಿಲ್ಲ, ಓದಿಕೊಂಡಿರಬೇಕು ಎನಿಸಿತು.

"ಊಟ ಮಾಡಿ ದೊಡ್ಡಮ್ಮ" ಎಂದರು.

"ಮಗು ಉಣ್ಣಲಿ, ಆಮೇಲೆ ನಾನು."

ಮಾರನೆಯ ದಿನ ಮಾಮ ಮೊದಲು ಮಾಡಿದ್ದು ಪತ್ರಿಕೆಯ ಸಂಪಾದಕರಿಗೆ ಫೋನು. ಲೇಖನದ ಮುಖ್ಯ ವಾದವೇ ತಪ್ಪು, ದಯವಿಟ್ಟು ತೆಗೆದುಬಿಡಿ ಎಂದರು. ಎಷ್ಟು ಸಂಕಟದಿಂದ ಹೇಳಿದ್ದರೋ ಅಷ್ಟೇ ಹಗುರವಾಗಿ ಆತ, "ಒಳ್ಳೇದಾಯ್ತು ಸರ್, ಕಾಲೇಜಿನ ವಾರ್ಷಿಕೋತ್ಸವದ ವರದಿಗೆ ಪುಟ ಸಾಲದೆ ಒದ್ದಾಡ್ತಿದ್ವಿ" ಎಂದ. ತಮ್ಮ ಸಿದ್ಧಾಂತ ಬಿದ್ದರೆ ತತ್ವಶಾಸ್ತ್ರಕ್ಕೆ ಸಣ್ಣ ಅಲುಗಾಟವಾದರೂ ಆದೀತು ಎಂದುಕೊಂಡಿದ್ದರು. ನೂರು ಮೀಟರ್ ಓಟದಲ್ಲಿ ಗೆದ್ದವರ ಫೋಟೋ ಬಂದು ಆ ಜಾಗದಲ್ಲಿ ಕೂತಿತು.

ಫೋನು ಇಟ್ಟು ನೆಟ್ಟಗೆ ಹುಡುಗನ ಮನೆಗೆ ನಡೆದರು. ಮೊದಲ ಮಹಡಿಯ ಹೊತ್ತಿಗೆ ಒಂದು ಉಪಾಯ ಹೊಳೆಯಿತು. ದೊಡ್ಡಮ್ಮ ಆಗ ಒಪ್ಪಿರಲಿಲ್ಲ, ಈಗ ಒಪ್ಪಿದ್ದಾರೆ ಎಂದುಬಿಟ್ಟರೆ? ಮಾನವೂ ಉಳಿಯುತ್ತದೆ, ಕೆಲಸವೂ ಆಗುತ್ತದೆ. ಎರಡನೆಯ ಮಹಡಿಯಲ್ಲಿ ಅದನ್ನು ಇನ್ನಷ್ಟು ನಯ ಮಾಡಿಕೊಂಡರು. ಕೊನೆಯ ಮೆಟ್ಟಿಲ ಸಾಲಿನಲ್ಲಿ ಕಾಲು ತಡೆಯಿತು. ಸುಮ್ಮನೆ ನಿಂತು ದೇವರನ್ನು ನೆನೆದರು. ದೇವರಿದ್ದಾನೆ ಎಂಬುದಕ್ಕೆ ತಮ್ಮ ಹತ್ತಿರ ಸರಿಯಾದ ಪುರಾವೆಯಿಲ್ಲವಲ್ಲ, ಹೇಗೆ ಕರೆಯುವುದು ಎಂದು ಹಿಂದೆಲ್ಲ ಸಂಕೋಚಪಡುತ್ತಿದ್ದರು. ಈ ಸಲ ಪುರಾವೆಯ ನೆನಪೇ ಆಗಲಿಲ್ಲ. ಬಾಗಿಲು ತಟ್ಟಿದರು.

ಆಕೆ ಬಾಗಿಲು ತೆರೆದವರು ಒಳಗೆ ಕರೆಯಲಿಲ್ಲ. ಹೊಸಿಲಲ್ಲೇ ನಿಂತು ಕೇಳಿದರು. "ಒಂದೇ ಮಾತು ಹೇಳಿಬಿಡಿ. ಅವತ್ತು ನಾನು ಕೇಳಿಸ್ಕೊಂಡದ್ದು ತಪ್ಪಾ?"

ನಯ ಮಾಡಿಕೊಂಡ ಉಪಾಯ ನಾಲಿಗೆಯ ತುದಿಗೇ ಬಂದು ನಿಂತಿತ್ತು. ಮಾಮ ಅದನ್ನು ನುಂಗಿದರು.

"ಇಲ್ಲಮ್ಮ. ನೀವು ಸರಿಯಾಗೇ ಕೇಳಿಸ್ಕೊಂಡ್ರಿ. ಆ ಮಾತಿಗೆ ಆ ಅರ್ಥವೂ ಇದೆ. ಇಲ್ಲ ಅಂತ ನಾನು ಬರೆದಿದ್ದೆ, ಅಚ್ಚಿಗೂ ಕೊಟ್ಟಿದ್ದೆ. ತಪ್ಪು ಅಂತ ಈಗ ವಾಪಸ್ ತಗೊಂಡು ಬಂದೆ. ನಿಮ್ಮ ಕಿವಿ ಸರಿ ಇದೆ. ನನ್ನ ಬಾಯಿ ಸರಿ ಇರಲಿಲ್ಲ. ಅದೂ ಅಲ್ಲದೆ ನಾನು ಹೇಳಿದ್ದು ನಿಜವೂ ಅಲ್ಲ. ನಮ್ಮ ದೊಡ್ಡಮ್ಮನ್ನ ಒಂದು ಮಾತು ಕೇಳದೇ ಅವರ ಪರವಾಗಿ ನಾನೇ ಬೇಡ ಅಂದಿದ್ದೆ."

ಆಕೆ ಕಿವಿಗೊಟ್ಟು ಕೇಳಿದರು, ಲೈನು ಕೆಟ್ಟಿದೆಯೋ ಇಲ್ಲವೋ ಎಂದು ನೋಡುವ ಆಪರೇಟರ್ ಹಾಗೆ. ಆಮೇಲೆ, "ಆ ಹಿರಿಯರು ಏನಂತಾರೆ ಈಗ?" ಎಂದರು.

"ನಿಮ್ಮ ಮಗ ಕಣ್ಣು ಮಿಟುಕಿಸಲ್ಲ, ಅದು ಇಷ್ಟ ಇಲ್ಲ ಅಂತಾರೆ. ಮದುವೆಗೆ ಒಪ್ಪಿಗೆ ಅಂತಾರೆ. ಹುಡುಗಿ ಊಟ ಮಾಡೋ ತನಕ ತಾವೂ ಊಟ ಮಾಡಲ್ಲ ಅಂತಾರೆ."

"ನಿನ್ನೆಯಿಂದ?"

"ನಿನ್ನೆಯಿಂದ. ರಾತ್ರಿ ಒಂದು ಲೋಟ ಹಾಲು ಕುಡಿದದ್ದು ಬಿಟ್ಟರೆ."

ಆಕೆಯ ಮುಖ ಸಡಿಲವಾಯಿತು. "ವಯಸ್ಸಾದವರನ್ನ ಉಪವಾಸ ಕೆಡವಿದೀರಲ್ಲ. ಒಳಗೆ ಬನ್ನಿ" ಎಂದರು. ಮಾಮ ಕೂತ ಮೇಲೆ, "ಈಗ ನೆಟ್ಟಗೆ ಹೇಳಿ. ಯಾರಿಗೂ, ಎಲ್ಲರಿಗೂ ಅನ್ನೋದು ಬೇಡ. ಏನು ಮಾಡೋಣ?"

"ಮದುವೆ ಮಾಡೋಣ."

"ಹ್ಞಾಂ. ಹೀಗೆ ಅವತ್ತೇ ಅಂದಿದ್ದರೆ ಬಾಯಿ ನೋಯ್ತಿತ್ತಾ?" ಎಂದು ಆಕೆ ನಕ್ಕು, ಮಗನಿಗೆ ತಾವೇ ಹೇಳುವುದಾಗಿಯೂ, ಹುಡುಗಿಗೆ ಮಾಮನೇ ಹೋಗಿ ಹೇಳಬೇಕೆಂದೂ, ಫೋನಿನಲ್ಲಿ ಮಾತ್ರ ಹೇಳಕೂಡದೆಂದೂ ತಾಕೀತು ಮಾಡಿ ಕಳಿಸಿದರು.

ಲ್ಯಾಬಿನಲ್ಲಿ ಗಾಜಿನ ಕಿಟಕಿಯಾಚೆ ಹುಡುಗಿ ಕೆಲಸದಲ್ಲಿದ್ದಳು. ಎದುರಿಗೆ ಅಂಗಿಯ ತೋಳು ಮಡಿಸಿಕೊಂಡು ಒಬ್ಬ ದಪ್ಪ ಮನುಷ್ಯ ಕಣ್ಣು ಬಿಗಿಮುಚ್ಚಿ ಕೂತಿದ್ದ. ಮೊಣಕೈ ಮೇಲೆ ರಬ್ಬರ್ ಪಟ್ಟಿ ಬಿಗಿದು, ನರ ಹುಡುಕಿ, ಅವಳು ಸೂಜಿ ಹಿಡಿದಾಗ ಮಾಮ ಬಾಗಿಲಿಗೆ ಬಂದರು. ಅವಳು ತಲೆಯೆತ್ತಿದಳು. ದಾರಿಯುದ್ದಕ್ಕೂ ಮಾಮ ಒಂದು ವಾಕ್ಯ ಹುಡುಕುತ್ತಲೇ ಬಂದಿದ್ದರು, ಒಂದೇ ಅರ್ಥ ಬರುವಂಥದ್ದು. ಸಿಕ್ಕಿರಲಿಲ್ಲ. ಬಾಯಿ ತೆರೆದರು, ಮುಚ್ಚಿದರು, ಹೌದು ಹೌದೆಂದು ಜೋರಾಗಿ ತಲೆ ಆಡಿಸಿದರು.

ಹುಡುಗಿಯ ಕೈ ಅಲುಗಲಿಲ್ಲ. ಸೂಜಿ ಹಾಕಿದಳು, ಕೊಳವೆ ತುಂಬುವ ತನಕ ಕಾದಳು, ಪಟ್ಟಿ ಬಿಚ್ಚಿದಳು, ಸೂಜಿ ತೆಗೆದು ಹತ್ತಿ ಒತ್ತಿದಳು. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತು ಕಣ್ಣು ಒರೆಸಿಕೊಂಡಳು.

ದಪ್ಪ ಮನುಷ್ಯ ಒಂದು ಕಣ್ಣು ತೆರೆದು ಗಾಬರಿಯಾದ. "ಯಾಕಮ್ಮಾ ಅಳ್ತಿದೀರಿ? ನನ್ನ ರಕ್ತದಲ್ಲಿ ಏನಾದರೂ ಕಾಣಿಸ್ತಾ?"

"ಏನಿಲ್ಲ ಸರ್" ಎಂದಳು ಹುಡುಗಿ. "ಹತ್ತಿ ಗಟ್ಟಿಯಾಗಿ ಒತ್ತಿ ಹಿಡ್ಕೊಳ್ಳಿ."